ಕಮರಿಯಾಚೆಯ ನೀರು

ಸುವಾ
ಗುರುವಾರ, ಮಾರ್ಚ್ 14

ಪ್ರೀತಿಯ ಬೂಬೂ,

ನಿನ್ನ ಮೊಣಕಾಲು ನೋವು ಹೇಗಿದೆ? ಹೋದ ಸಲ ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಪಾದ್ರಿಯ ಹೆಂಡತಿಗೆ ಕೊಟ್ಟುಬಿಟ್ಟೆಯೋ? ಇಲ್ಲಿ ಮಳೆ ಬಿಟ್ಟಿಲ್ಲ, ಹಾಸ್ಟೆಲಿನ ಹಾಸಿಗೆಗೂ ಬೂಷ್ಟು ಹಿಡಿದಿದೆ. ನನ್ನ ಕೆಮ್ಮು ಹೋಯಿತು, ಹಸಿವು ಮಾತ್ರ ಹೋಗಿಲ್ಲ. ಪೇಟೆಯ ಕೆಸುವಿನ ಗೆಡ್ಡೆಗೆ ನಿನ್ನ ಒಲೆಯ ರುಚಿ ಎಲ್ಲಿಂದ ಬರಬೇಕು? ಇದನ್ನು ತಂಗಿ ಕಿನಿ ನಿನಗೆ ಓದಿ ಹೇಳುತ್ತಾಳೆ. ಕಿನೀ, ಅಜ್ಜಿ ಹೆದರುತ್ತಾಳೆಂದು ನಡುವೆ ಏನನ್ನೂ ನುಂಗಬೇಡ. ಅವಳು ಹೆದರುವವಳಲ್ಲ. ಅದಕ್ಕೇ ಅಪ್ಪನಿಗೆ ಬರೆಯದೆ ಅವಳಿಗೆ ಬರೆಯುತ್ತಿದ್ದೇನೆ.

ವಿಶ್ವವಿದ್ಯಾಲಯದಲ್ಲಿ ಏನು ಕಲಿಯುತ್ತೀ ಎಂದು ನೀನು ಕೇಳಿದಾಗಲೆಲ್ಲ ನಕ್ಕು ತಪ್ಪಿಸಿಕೊಂಡಿದ್ದೆ. ಈಗ ಹೇಳುತ್ತೇನೆ, ಕೇಳು. ಉಪಗ್ರಹಗಳು ಆಕಾಶದಿಂದ ನೆಲದ ಚಿತ್ರ ತೆಗೆಯುತ್ತವೆ. ಅವನ್ನು ಕಂಪ್ಯೂಟರಿನಲ್ಲಿ ನಕ್ಷೆಯ ಮೇಲೆ ಕೂರಿಸಿ ಎಲ್ಲಿ ಏನು ಬದಲಾಗಿದೆ ಎಂದು ಹುಡುಕುವುದು ನಮ್ಮ ಪಾಠ. ಕೆಲವು ಉಪಗ್ರಹಗಳಿಗೆ ಮೋಡವೂ ಅಡ್ಡಿಯಲ್ಲ, ಕತ್ತಲೂ ಅಡ್ಡಿಯಲ್ಲ. ಅವುಗಳ ಚಿತ್ರದಲ್ಲಿ ನಿಂತ ನೀರು ಕಪ್ಪಗೆ ಕಾಣುತ್ತದೆ. ಇಷ್ಟು ಗೊತ್ತಿದ್ದರೆ ಸಾಕು. ನಮಗೆ ಪಾಠ ಹೇಳುವ ಲೆಮಾಲು ಮೇಡಂ ಸಮೋವಾದವರು, ಮಾತು ಕಡಿಮೆ. ಯಾವುದಾದರೂ ಒಂದು ಜಾಗದ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಹೋಲಿಸಿಕೊಂಡು ಬನ್ನಿ ಎಂದರು. ಉಳಿದವರು ಹಡಗಿನ ಬಂದರು, ವಿಮಾನ ನಿಲ್ದಾಣ ಎಂದು ಆರಿಸಿಕೊಂಡರು. ನನಗೆ ಮನೆಯ ನೆನಪು ಕಾಡುತ್ತಿತ್ತು, ನಮ್ಮ ಕಣಿವೆಯನ್ನೇ ಆರಿಸಿಕೊಂಡೆ. ನಿನ್ನ ಮನೆಯ ತಗಡು ಒಂದು ಬಿಳಿ ಚುಕ್ಕೆಯಾಗಿ ಕಂಡಾಗ ಅದರ ಮೇಲೆ ಬೆರಳಿಟ್ಟೆ.

ಆಮೇಲೆ ಹೊಳೆಯ ಗುಂಟ ಬೆರಳನ್ನು ಮೇಲಕ್ಕೆ ಒಯ್ದೆ. ಹಂದಿ ಬೇಟೆಗೂ ಯಾರೂ ಹೋಗದ ಆ ಕಮರಿಯಿದೆಯಲ್ಲ, ಅದರಾಚೆ ಹಳೆಯ ಚಿತ್ರದಲ್ಲಿ ಬರೀ ಕಾಡು. ಹೊಸದರಲ್ಲಿ ಕಪ್ಪು ಮಚ್ಚೆ. ಮೇಡಂಗೆ ತೋರಿಸಿದೆ. ಬೆಟ್ಟದ ನೆರಳಿರಬೇಕು, ಇನ್ನೊಂದು ದಿಕ್ಕಿನಿಂದ ತೆಗೆದದ್ದನ್ನು ನೋಡು, ನೆರಳಾದರೆ ಅದು ಇರುವುದಿಲ್ಲ ಎಂದರು. ನೋಡಿದೆ. ಮಚ್ಚೆ ಅಲ್ಲೇ ಇತ್ತು. ಉಪಗ್ರಹದ ಮುಂದಿನ ಸುತ್ತಿಗೆ ಕಾದೆವು. ಮಚ್ಚೆ ಎರಡು ಕವಲಾಗಿ ಮೇಲಿನ ತೊರೆಗಳೊಳಕ್ಕೂ ನುಗ್ಗಿತ್ತು. ಮೇಡಂ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತರು. "ಅಲ್ಲಿ ಕೆಳಗಡೆ ಯಾರಾದ್ರೂ ಇದ್ದಾರಾ?" ಎಂದು ಕೇಳಿದರು. ನಮ್ಮವರೆಲ್ಲ ಅಲ್ಲೇ ಇದ್ದಾರೆ ಎಂದೆ.

ಬೂಬೂ, ಚಂಡಮಾರುತದ ಮಳೆಗೆ ಬೆಟ್ಟದ ಒಂದು ಮಗ್ಗುಲು ಕುಸಿದು ಹೊಳೆಗೆ ಅಡ್ಡ ಬಿದ್ದಿದೆ. ಅದರ ಹಿಂದೆ ನೀರು ತುಂಬುತ್ತಿದೆ. ಕಟ್ಟೆ ಎಂದರೆ ಬರೀ ಹಸಿ ಮಣ್ಣು, ಮುರಿದ ಮರಗಳು. ಹೊಳೆ ಸೊರಗಿದೆ, ಹೆಂಗಸರೆಲ್ಲ ಸೀಗಡಿಯನ್ನು ಕೈಯಲ್ಲೇ ಬಾಚುತ್ತಿದ್ದಾರೆ, ದೇವರು ಕೊಟ್ಟದ್ದು ಎಂದು ಅಪ್ಪ ಚರ್ಚಿನಲ್ಲಿ ಹೇಳಿದ ಎಂದು ಕಿನಿ ತಿಳಿಸಿದಾಗ ನನಗೂ ಖುಷಿಯಾಗಿತ್ತು. ಆ ನೀರೆಲ್ಲ ಕಮರಿಯಾಚೆ ನಿಂತಿದೆ ಎಂದು ಆಗ ಗೊತ್ತಿರಲಿಲ್ಲ.

ಮೇಡಂ ಅಧಿಕಾರಿಗಳಿಗೆ ಫೋನ್ ಮಾಡಿದರು. ಮೋಡ ಸರಿಯಲಿ, ಹೆಲಿಕಾಪ್ಟರಿನಲ್ಲಿ ನೋಡಿ ಬರುತ್ತೇವೆ ಎಂದರಂತೆ. ಭಾನುವಾರ ಅಪ್ಪ ಸಿಗ್ನಲ್ ಹುಡುಕಿ ದಿಬ್ಬ ಹತ್ತಿದ್ದಾಗ ನಾನು ಎಲ್ಲವನ್ನೂ ಹೇಳಿದೆ. ಅವನ ಹಿಂದೆ ಗಂಡಸರ ನಗು ಕೇಳುತ್ತಿತ್ತು. "ಹೊಳೇಲಿ ಪಾದ ಮುಳುಗೋಷ್ಟು ನೀರಿಲ್ಲ, ನೀನು ಸುವಾದಲ್ಲಿ ಕೂತ್ಕೊಂಡು ನೀರು ಬರ್ತದೆ ಅಂತೀಯಲ್ಲ ಮಗಳೇ" ಎಂದ. ನೀರು ಇಲ್ಲದ್ದಕ್ಕೇ ಹೇಳ್ತಿದೀನಿ ಅಪ್ಪ ಎಂದೆ. ಅದಕ್ಕವನು, ಶನಿವಾರ ಹೊಳೆದಂಡೆಯ ಬಯಲಲ್ಲಿ ರಗ್ಬಿ ಪಂದ್ಯ, ಏಳು ಊರಿನವರು ಬರುತ್ತಾರೆ, ಊರಿನ ಮುಖಂಡನಾಗಿ ನಾನೇ ಅವರನ್ನು ಕರೆದಿದ್ದೇನೆ, ಮಗಳ ಕಂಪ್ಯೂಟರ್ ಬೇಡ ಅಂದಿತು ಎಂದು ಯಂಗೋನಾ ಬೇರಿನ ಪಾನದ ಬಟ್ಟಲ ಮುಂದೆ ಕುಳಿತ ಹಿರಿಯರಿಗೆ ಹೇಗೆ ಹೇಳಲಿ ಎಂದು ಕೇಳಿದ. ಅಲ್ಲಿಗೆ ಲೈನ್ ಹೋಯಿತು. ಅಂದಿನಿಂದ ಅವನು ಫೋನಿಗೆ ಸಿಕ್ಕಿಲ್ಲ.

ನನ್ನ ಕಣ್ಣು ಮೋಸ ಹೋಗಿದ್ದರೆ ಊರೆಲ್ಲ ನಗಲಿ, ಬರುವ ಕ್ರಿಸ್‌ಮಸ್‌ವರೆಗೂ ನಗಲಿ. ಅಪ್ಪ ಯಾರ ಮಾತು ತಳ್ಳಿಹಾಕಿದರೂ ಹೆತ್ತವಳ ಮಾತು ಮೀರಿದವನಲ್ಲ. ಪಂದ್ಯವನ್ನು ಮೇಲಿನ ಶಾಲೆಯ ಅಂಗಳದಲ್ಲಿ ಆಡಿಸು ಎಂದು ಹೇಳು. ಮಕ್ಕಳು, ಮುದುಕರು ರಾತ್ರಿ ಶಾಲೆಯಲ್ಲೇ ಮಲಗಲಿ. ನೀನು ಚಾಪೆ ಸುತ್ತಿಕೊಂಡು ಹೊರಟರೆ ಉಳಿದವರೂ ಹಿಂದೆಯೇ ಬರುತ್ತಾರೆ.

ಕಿನಿಗೆ, ಅವಳ ಕೂಸಿಗೆ ನನ್ನ ಮುತ್ತು. ಅಪ್ಪನಿಗೆ ನನ್ನ ಮೇಲೆ ಸಿಟ್ಟಿದ್ದರೂ ನನ್ನ ನಮಸ್ಕಾರ ತಿಳಿಸು. ಸಂಜೆಯ ಪ್ರಾರ್ಥನೆಯಲ್ಲಿ ನನ್ನ ಹೆಸರನ್ನೂ ಸೇರಿಸಿಕೋ.

ನಿನ್ನ ಮೊಮ್ಮಗಳು,
ವಾಸಿತಿ

ಮರೆತ ಮಾತಲ್ಲ, ಈಗ ಬಂದ ಸುದ್ದಿ: ಲಕೋಟೆ ಅಂಟಿಸುವಷ್ಟರಲ್ಲಿ ಮೇಡಂ ಓಡಿಬಂದರು. ಇವತ್ತಿನ ಚಿತ್ರದಲ್ಲಿ ಮಣ್ಣಿನ ಕಟ್ಟೆಯ ಒಂದು ಮೂಲೆ ಇಲ್ಲ. ಅದೇ ಹೊತ್ತಿಗೆ ಫೋನಿಗೆ ಅಪ್ಪನ ಸಂದೇಶವೂ ಬಂತು, ಬೆಳಿಗ್ಗೆ ಕಳಿಸಿದ್ದು: "ಇನ್ನು ಹೆದರಬೇಡ ಮಗಳೇ. ಹೊಳೆಗೆ ನೀರು ವಾಪಸು ಬಂದಿದೆ, ಕೆಂಪಗೆ. ನೋಡೋಕೆ ಮಕ್ಕಳೆಲ್ಲ ಇಳಿದಿದ್ದಾರೆ." ಆ ಕೆಂಪು, ಕಟ್ಟೆ ಕರಗುತ್ತಿರುವ ಮಣ್ಣು. ತಿರುಗಿ ಫೋನ್ ಮಾಡಿದೆ, ಸಿಗಲಿಲ್ಲ, ಅವನು ದಿಬ್ಬದಿಂದ ಇಳಿದುಬಿಟ್ಟಿದ್ದಾನೆ. ಈ ಪತ್ರ ತರುವ ಪೇನಿಯ ಲಾರಿಯನ್ನು ನಾನೂ ಹತ್ತುತ್ತಿದ್ದೇನೆ. ರಸ್ತೆ ಮುಗಿದ ಕಡೆ ಒಂದೇ ಕುದುರೆ ಇರುವುದು. ಪೇನಿ ಪತ್ರ ಹಿಡಿದು ಅದರ ಮೇಲೆ ಗುಡ್ಡದ ದಾರಿಯಲ್ಲಿ ಮುಂದೆ ಬರುತ್ತಾನೆ, ನಾನು ಹಿಂದಿನಿಂದ ನಡೆದು ಬರುತ್ತೇನೆ. ಯಾರನ್ನೂ ಕೇಳಬೇಡ ಬೂಬೂ, ಚರ್ಚಿನ ನಗಾರಿ ಬಾರಿಸು, ಎಲ್ಲರನ್ನೂ ಮೇಲಕ್ಕೆ ಹತ್ತಿಸು. ನಾನು ಬಂದು ನೋಡುವಾಗ ಊರಲ್ಲಿ ಒಬ್ಬರೂ ಇರಬಾರದು.