ಮಾರ್ಲಿಸ್ ಹೆಸರಿನ ದೇಣಿಗೆ

ಸೆಪ್ಟೆಂಬರ್ 14, ಸೋಮವಾರ

ಮತ್ತೆ ಕಂಪನಿಯ ನ್ಯೂಸ್‌ಲೆಟರ್. ನಾವು ತಯಾರಿಸುವ ಕಿಟಕಿ ಚೌಕಟ್ಟಿಗೆ ಇನ್ನೆಷ್ಟು ವಿಶೇಷಣ ಹುಡುಕಲಿ? ಮಧ್ಯಾಹ್ನ ಮಾಲೀಕ ಹಟ್ಜೆಲ್ ಕರೆದರು. ರಾಜ್ಯ ಸೆನೆಟ್‌ಗೆ ನಿಂತಿರುವ ಬ್ರಾಂಟ್‌ಗೆ ನಮ್ಮವರೆಲ್ಲ ದೇಣಿಗೆ ಕೊಡಬೇಕಂತೆ, ತಂತಮ್ಮ ಹೆಸರಿನಲ್ಲಿ. ಕೊಟ್ಟಷ್ಟೂ ಮುಂದಿನ ಸಂಬಳದಲ್ಲಿ ಬೋನಸ್ ಎಂದು ವಾಪಸ್.

“ನೀನೇ ಹೋಗಿ ಕೇಳಮ್ಮ. ನಿನ್ನ ಮುಖ ನೋಡಿ ಇಲ್ಲ ಅನ್ನೋಕೆ ಯಾರಿಗೂ ಬಾಯಿ ಬರಲ್ಲ.”

ನನ್ನ ಸಂಕೋಚಕ್ಕೂ ಒಂದು ಕೆಲಸ ಸಿಕ್ಕಿತು. ಖುಷಿಯಾಯಿತು... ಅದನ್ನು ಬರೆಯಲೇ ನಾಚಿಕೆ.

ಸೆಪ್ಟೆಂಬರ್ 15

ಕೇಳಿದೆ. ಎಲ್ಲರೂ ಹೂಂ ಅಂದರು. ಪ್ಯಾಕಿಂಗ್ ವಿಭಾಗದ ಮಾರ್ಲಿಸ್ ಮಾತ್ರ ತಡವರಿಸಿದರು. ಕಳೆದ ಚಳಿಗಾಲದಲ್ಲಿ ತಮ್ಮ ಕೋಟು ಬಿಚ್ಚಿ ನನಗೆ ಹೊದಿಸಿದವರು.

“ಬ್ರಾಂಟ್‌ಗಾ? ನನ್ನ ತಂಗಿ ಟ್ರೂಡಿ ಪಾಠ ಮಾಡೋ ಶಾಲೆ ಮುಚ್ಚಿಸ್ತೀನಿ ಅಂತ ಕುಣೀತಿದಾನಲ್ಲ ಅವನು! ಅವಳಿಗೆ ಗೊತ್ತಾದ್ರೆ ನಮ್ಮ ಶುಕ್ರವಾರದ ಊಟಕ್ಕೆ ಮೀನು ಬಿಟ್ಟು ನನ್ನನ್ನೇ ಎಣ್ಣೆಗೆ ಹಾಕ್ತಾಳೆ.”

“ಯಾರಿಗೂ ಗೊತ್ತಾಗಲ್ಲ.”

“ಆಣೆ?”

“ಆಣೆ.”

ಸುಳ್ಳು. ಕೊಟ್ಟವರ ಹೆಸರು, ಊರು, ಎಲ್ಲ ಸರ್ಕಾರಿ ವೆಬ್‌ಸೈಟಿನಲ್ಲಿ ಬರುತ್ತದೆ. ಕಾಲೇಜಿನಲ್ಲಿದ್ದಾಗ ನಮ್ಮ ಪ್ರೊಫೆಸರ್ ಯಾರಿಗೆ ಕೊಟ್ಟಿದ್ದಾರೆಂದು ನಾನೇ ಹುಡುಕಿ ನಕ್ಕಿದ್ದೆ.

ಅಕ್ಟೋಬರ್ 23, ಶುಕ್ರವಾರ

ಊರಿನ ಹಳೇ ರೆಸ್ಟೋರೆಂಟು ಸಪ್ಪರ್ ಕ್ಲಬ್ಬಿನಲ್ಲಿ ಅಕ್ಕತಂಗಿಯರ ವಾರದ ಮೀನೂಟ. ಮಾರ್ಲಿಸ್ ನನ್ನನ್ನೂ ಕರೆದಿದ್ದರು. ಟ್ರೂಡಿ ಬಂದರು. ಕೂರಲಿಲ್ಲ.

“ಸ್ಟಾಫ್‌ರೂಮಲ್ಲಿ ಎಲ್ಲರ ಫೋನಲ್ಲೂ ನಿನ್ನ ಹೆಸರೇ ಅಕ್ಕಾ. ನನ್ನ ಹೊಟ್ಟೆ ಮೇಲೆ ಹೊಡೆಯೋನಿಗೆ ನೀನು ದುಡ್ಡು ಕೊಟ್ಯಲ್ಲ!”

“ಟ್ರೂಡಿ, ಅದು...”

ಮಾರ್ಲಿಸ್ ನನ್ನ ಕಡೆ ನೋಡಿದರು. ದುಡ್ಡು ಹಟ್ಜೆಲ್ ಅವರದು ಎಂದರೆ, ಬೇರೆಯವರ ದುಡ್ಡನ್ನು ತಮ್ಮ ಹೆಸರಲ್ಲಿ ಕೊಟ್ಟ ಅಪರಾಧ ಒಪ್ಪಿಕೊಂಡಂತೆ, ಕೆಲಸವೂ ಹೋಗುತ್ತದೆ. ನಾನು ಆಲೂಗಡ್ಡೆ ಪ್ಯಾನ್‌ಕೇಕಿಗೆ ಸೇಬಿನ ಸಾಸ್ ಸವರುತ್ತಾ ಕೂತೆ.

ಟ್ರೂಡಿ ಹೊರಟುಹೋದರು.

“ತಣ್ಣಗಾಗುತ್ತೆ, ತಿನ್ನು ಮರಿ,” ಎಂದರು ಮಾರ್ಲಿಸ್.

ತಿಂದೆ. ಅದೇ ಸಹಿಸಲಾಗುತ್ತಿಲ್ಲ... ತಿಂದೆ.

ಅಕ್ಟೋಬರ್ 28

ಯಾರೋ ದೂರು ಕೊಟ್ಟಿದ್ದಾರೆ. ನಾಳೆ ಚುನಾವಣಾ ಕಚೇರಿಯಿಂದ ಅಧಿಕಾರಿ ಬರುತ್ತಾರೆ. ಹಟ್ಜೆಲ್ ಎಲ್ಲರನ್ನೂ ಸೇರಿಸಿದರು. “ಬೋನಸ್ ಕೊಟ್ಟಿದ್ದು ಚೆನ್ನಾಗಿ ಕೆಲಸ ಮಾಡಿದ್ದಕ್ಕೆ. ಅಷ್ಟು ಹೇಳಿ ಎದ್ದು ಬನ್ನಿ.”

ಅಕ್ಟೋಬರ್ 29, ಬೆಳಿಗ್ಗೆ

ಕಾರಿಡಾರಿನಲ್ಲಿ ಕಾಯುತ್ತಿದ್ದೇನೆ. ಮಾರ್ಲಿಸ್ ಈಗಷ್ಟೇ ಒಳಗಿಂದ ಬಂದು ಪಿಸುಗುಟ್ಟಿದರು.

“ನನ್ನ ದುಡ್ಡು, ನನ್ನಿಷ್ಟ ಅಂದ್ಬಿಟ್ಟೆ. ನೀನು ಕೇಳಿದ್ದು ಹೇಳ್ಲಿಲ್ಲ. ಚಿಕ್ಕವಳು, ನಿನಗ್ಯಾಕೆ ಕೋರ್ಟು ಗೀರ್ಟು.”

“ಟ್ರೂಡಿ?”

“ತಂಗಿ ತಾನೆ. ಎಲ್ಲಿ ಹೋಗ್ತಾಳೆ ಬಿಡು.” ಮೂಗೊರೆಸಿಕೊಂಡರು.

ನನ್ನ ಹೆಸರು ಕರೆಯುತ್ತಿದ್ದಾರೆ.

ಅದೇ ದಿನ, ಸಂಜೆ

ಹೇಳಿಬಿಟ್ಟೆ. ಹಟ್ಜೆಲ್, ಬೋನಸ್, ನಾನಿಟ್ಟ ಆಣೆ, ಎಲ್ಲ. ಎದೆ ಹಗುರಾಯಿತು—ಒಂದು ಕ್ಷಣ.

ಅಧಿಕಾರಿ ಪೆನ್ನು ಕೆಳಗಿಟ್ಟರು. “ಹಾಗಾದ್ರೆ ಮಾರ್ಲಿಸ್ ನನ್ನ ಹತ್ರ ಸುಳ್ಳು ಹೇಳಿದ್ರು ಅಂತಾಯ್ತು?”

ಅದು ಹೊಳೆದೇ ಇರಲಿಲ್ಲ. ನನ್ನ ಮನಸ್ಸಿನ ಭಾರವೊಂದೇ ಕಾಣುತ್ತಿತ್ತು.

“ಇವತ್ತೇ ಅವರಾಗಿ ಬಂದು ತಿದ್ದಿ ಹೇಳಿದ್ರೆ ಬೇರೆ ಮಾತು,” ಎಂದರು.

ಅಂದು ಸುಳ್ಳು ಹೇಳಿ ಅವರನ್ನು ಸಿಕ್ಕಿಸಿದೆ. ಇಂದು ನಿಜ ಹೇಳಿ.

ಪಾಳಿ ಬಿಟ್ಟಿದೆ. ಮಾರ್ಲಿಸ್ ನನ್ನ ಮೇಜಿನ ಕಡೆಗೇ ಬರುತ್ತಿದ್ದಾರೆ, ನಗುತ್ತಾ. ಕೂರುವ ಮೊದಲೇ ಹೇಳಬೇಕು. ಮಾರ್ಲಿಸ್, ನಾನು—