ಲೇಸಿಲ್ಲದ ಬೂಟು

ಸ್ಕಿನ್ನರ್ಸ್ ಕೋವ್, ನ್ಯೂಫೌಂಡ್‌ಲ್ಯಾಂಡ್
ಮಾರ್ಚ್ 9, ಗುರುವಾರ ಸಂಜೆ

ನನ್ನ ಚಿನ್ನ ಜೊಲೀನ್,

ಹೇಗಿದ್ದೀಯ ಮಗಳೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲ ಆಸ್ಪತ್ರೆಯ ಯಂತ್ರದಿಂದ ಬೀಳುವ ಚಿಪ್ಸ್ ತಿಂದುಕೊಂಡೇ ಪಾಳಿ ಮುಗಿಸುತ್ತಿದ್ದೀಯಾ? ಲ್ಯಾಬ್ರಡಾರಿನ ಚಳಿ ನಮ್ಮ ಚಳಿಯ ಹಾಗಲ್ಲ ಅಂತ ಎಲ್ಲರೂ ಹೆದರಿಸುತ್ತಾರೆ. ಫೋನಿನಲ್ಲಿ ಕೇಳಿದರೆ "ಚೆನ್ನಾಗಿದೀನಮ್ಮ, ಆಮೇಲೆ ಮಾತಾಡ್ತೀನಿ" ಅನ್ನುತ್ತೀಯ. ಆ ಆಮೇಲೆ ಬರುವುದೇ ಇಲ್ಲ. ಕಾಗದವಾದರೆ ನೀನು ಅರ್ಧಕ್ಕೆ ಕತ್ತರಿಸಲು ಆಗುವುದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಎಂಟನೇ ತರಗತಿಗೇ ಶಾಲೆ ಬಿಟ್ಟು ಮೀನಿನ ಕಾರ್ಖಾನೆಗೆ ಹೋದವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು. ಅಪ್ಪನ ಮೊಣಕಾಲು ಹಟ ಮಾಡುತ್ತಿದೆ, ಆದರೂ ಏಡಿ ಹಿಡಿಯುವ ಬುಟ್ಟಿಗಳನ್ನು ದಿನಾ ಷೆಡ್ಡಿನಿಂದ ಹೊರಗೆಳೆದು ನೋಡಿ ಮತ್ತೆ ಒಳಗಿಡುತ್ತಾರೆ. ನೀನು ಕೇಳಿದ ಲೇಸಿಲ್ಲದ ಬೂಟು ಈ ಪೊಟ್ಟಣದಲ್ಲೇ ಇದೆ. ಒಳಗೆ ಉಣ್ಣೆಯ ಕಾಲುಚೀಲ ತುರುಕಿದ್ದೇನೆ, ಕೈಹಾಕಿ ನೋಡು, ಹಾಗೇ ಕಾಲು ತೂರಿಸಬೇಡ.

ಈಗ ಇಲ್ಲಿಯ ಸುದ್ದಿ. ನೀನು ಗಾಬರಿಯಾಗುವ ಮೊದಲೇ ಹೇಳಿಬಿಡುತ್ತೇನೆ, ನನ್ನ ಕೆಲಸ ಉಳಿದಿದೆ. ಭಾನುವಾರದಿಂದ ಬರೀ ಟೀ ಕುಡಿದುಕೊಂಡೇ ಇದ್ದೆ. ನಿನ್ನೆ ಮನೆಗೆ ಬಂದವಳೇ ಕೋಟು ಬಿಚ್ಚದೆ ಒಲೆಯ ಮುಂದೆ ನಿಂತು ಹುರಿದ ಮೀನು ತಿಂದೆ. ಅಪ್ಪ ನೋಡಿ "ವರ್ನಾ, ನನಗೂ ಒಂದು ತುಂಡು ಬಿಡ್ತೀಯೇನೇ?" ಅಂದರು.

ಆದದ್ದು ಇಷ್ಟು. ಭಾನುವಾರ ಹಿಮಗಾಳಿ ಎದ್ದು ರಸ್ತೆ ಮುಚ್ಚಿತು, ಬೆಳಗಿನ ಪಾಳಿಯ ಅರ್ಧ ಜನ ಬರಲಿಲ್ಲ. ವೃದ್ಧರ ಮನೆಯಲ್ಲಿ ನಮ್ಮ ಸಾಲಿನ ಅಷ್ಟೂ ಕೋಣೆಗಳಿಗೆ ನಾನು ಮತ್ತು ಮರಿಸೆಲ್, ಇಬ್ಬರೇ. ಮರಿಸೆಲ್ ಅಂದರೆ ಮನಿಲಾ ಕಡೆಯಿಂದ ಬಂದ ಹುಡುಗಿ, ಅವರ ಊರಿನ ಪದ್ಧತಿಯಂತೆ ನನ್ನನ್ನು ಅಕ್ಕಾ ಅನ್ನುತ್ತಾಳೆ. ಭಾನುವಾರವೆಂದರೆ ನಿನಗೆ ಗೊತ್ತಲ್ಲ, ಉಪ್ಪಿನ ಮಾಂಸ, ಎಲೆಕೋಸು, ಬಟಾಣಿ ಮುದ್ದೆ, ಎಲ್ಲ ಒಂದೇ ಹಂಡೆಯಲ್ಲಿ ಬೆಂದದ್ದು. ವಾರವೆಲ್ಲ ಕಣ್ಣು ಮುಚ್ಚಿಕೊಂಡೇ ಇರುವವರೂ ಆ ವಾಸನೆಗೆ ಕಣ್ಣು ಬಿಡುತ್ತಾರೆ. ಆ್ಯಂಬ್ರೋಸ್ ಕೀಪಿಂಗ್ ಅಜ್ಜ ಹಿಂದೆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು, ಈಗ ಕಾಲೂರಲು ಆಗುವುದಿಲ್ಲ, ಆಳು ದೊಡ್ಡದು. ಭಾನುವಾರದ ಊಟ ಮಾತ್ರ ಊಟದ ಕೋಣೆಯ ಕಿಟಕಿ ಪಕ್ಕದಲ್ಲೇ ಆಗಬೇಕು. ಅವರ ಮಗ ಲೆಸ್ಟರ್ ಅಪ್ಪನ ಜೊತೆ ಉಣ್ಣಬೇಕೆಂದು ಹಿಂದಿನ ದಿನವೇ ಸೇಂಟ್ ಜಾನ್ಸ್‌ನಿಂದ ಬಂದು ಉಳಿದುಕೊಂಡಿದ್ದರು.

ಏಳಲಾಗದವರನ್ನು ಜೋಲಿಯಲ್ಲಿ ಹಾಸಿಗೆಯಿಂದ ಎತ್ತಿ ಗಾಲಿಕುರ್ಚಿಗೆ ಇಳಿಸುವ ಯಂತ್ರ ನಿನಗೆ ಹೊಸದಲ್ಲ. ಆದರೆ ನಮ್ಮಲ್ಲಿರುವ ಪದ್ಧತಿ ನಿಮ್ಮಲ್ಲಿ ಇದೆಯೋ ಇಲ್ಲವೋ. ಇಲ್ಲಿ ಜೋಲಿಯ ಕುಣಿಕೆಗಳನ್ನು ಕೊಕ್ಕೆಗೆ ಸಿಕ್ಕಿಸಿದವಳು ಗುಂಡಿ ಒತ್ತುವ ಹಾಗಿಲ್ಲ. ಇನ್ನೊಬ್ಬಳು ಹಾಸಿಗೆಯ ಸುತ್ತ ಬಂದು ಒಂದೊಂದು ಕೊಕ್ಕೆಯನ್ನೂ ಮುಟ್ಟಿ "ಕೂತಿದೆ" ಅಂತ ಬಾಯಿಬಿಟ್ಟು ಹೇಳಿ ಆಮೇಲೆ ಒತ್ತಬೇಕು. ನಾನು ನಾಲ್ಕೂ ಕುಣಿಕೆ ಸಿಕ್ಕಿಸಿ, ಅಜ್ಜನ ಕಾಲಿಗೆ ಕಂಬಳಿ ಹೊದಿಸಿ, ಮರಿಸೆಲ್‌ಗೆ ಕಾಯುತ್ತ ನಿಂತೆ. ಅವಳು ಪಕ್ಕದ ಬಚ್ಚಲಲ್ಲಿ ಒಬ್ಬ ಮುದುಕಿಯನ್ನು ಹಿಡಿದುಕೊಂಡಿದ್ದಳು, ಬಿಟ್ಟು ಬರುವ ಹಾಗಿರಲಿಲ್ಲ. ಅಷ್ಟರಲ್ಲಿ ನರ್ಸ್ ಗ್ವೆನ್ ಔಷಧಿಯ ಗಾಡಿ ತಳ್ಳಿಕೊಂಡು ಬಂದಳು. "ಏನೇ ವರ್ನಾ, ಬಸ್ಸಿಗೆ ಕಾಯ್ತಿದೀಯಾ? ಒತ್ತೇ. ನಿನಗಿದು ನಿದ್ದೇಲೂ ಬರುತ್ತೆ." ನೀನೇ ಒಳಗೆ ಬಂದು ಒಂದು ಸಲ ಮುಟ್ಟಿ ಹೋಗು ಅಂದೆ. "ಗಾಡಿ ಬಿಟ್ಟು ಬಂದರೆ ಯಾರಾದರೂ ಮಾತ್ರೆ ನುಂಗ್ತಾರೆ. ನಾನು ಹೇಳ್ತಿದೀನಿ, ಎತ್ತು." ಗ್ವೆನ್ ಕೆಟ್ಟವಳಲ್ಲ. ಅವಳ ಜಾಗಕ್ಕೆ ಬರಬೇಕಾದವಳು ಹಿಮದಲ್ಲಿ ಸಿಕ್ಕಿಕೊಂಡಿದ್ದರಿಂದ ಹಿಂದಿನ ರಾತ್ರಿಯಿಂದ ಕೂತಿರಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ಲೆಸ್ಟರ್ "ನಮ್ಮಪ್ಪನ್ನ ಎಬ್ಬಿಸೋಕೆ ಸಭೆ ಕರೀಬೇಕಾ?" ಅಂದರು. ಅಜ್ಜನೂ ಬಿಡಲಿಲ್ಲ. "ಹಡಗಲ್ಲಾಗಿದ್ರೆ ನಿಮ್ಮನ್ನೆಲ್ಲ ನೀರಿಗೆ ತಳ್ತಿದ್ದೆ ಕಣ್ರೇ, ಎಲೆಕೋಸು ತಣ್ಣಗಾಗ್ತಿದೆ."

ಗುಂಡಿ ನನ್ನ ಕೈಯಲ್ಲೇ ಇತ್ತು ಮಗಳೇ. ಒತ್ತಲಿಲ್ಲ. ಧೈರ್ಯ ಅಂದುಕೊಳ್ಳಬೇಡ, ಹೆದರಿಕೆ ಅಷ್ಟೇ. ಒಲೆ ಆರಿಸಿದೆನೋ ಇಲ್ಲವೋ ಅಂತ ಚರ್ಚಿನ ಅರ್ಧ ದಾರಿಯಿಂದ ವಾಪಸ್ಸು ಬರುವ ಜನ್ಮ ನನ್ನದು, ನೀನೇ ಎಷ್ಟು ನಕ್ಕಿದ್ದೀಯ. ಇಬ್ಬರಿಲ್ಲದೆ ಎತ್ತುವುದಿಲ್ಲ ಅಂದೆ. ಗ್ವೆನ್ ಮುಖ ಗಂಟಿಕ್ಕಿಕೊಂಡು ಮುಂದೆ ಹೋದಳು. ಲೆಸ್ಟರ್ ನನ್ನ ಎದೆಯ ಮೇಲಿನ ಹೆಸರಿನ ಚೀಟಿಯನ್ನು ಗಟ್ಟಿಯಾಗಿ ಓದಿ, ಮ್ಯಾನೇಜರಿಗೆ ಹೇಳುತ್ತೇನೆ ಅಂದು ಊಟದ ಕೋಣೆಗೆ ನಡೆದರು.

ಕೊನೆಗೂ ಮರಿಸೆಲ್ "ಬಂದೆ ಅಕ್ಕಾ, ಬಂದೆ" ಅನ್ನುತ್ತ ಕೈ ಒರೆಸಿಕೊಂಡು ಓಡಿಬಂದಳು. ಸುತ್ತ ಬಂದು ಮುಟ್ಟುತ್ತ ಹೋದಳು. ಕೂತಿದೆ, ಕೂತಿದೆ, ಕೂತಿದೆ. ಗೋಡೆಯ ಕಡೆಯ ಕಾಲಿನ ಕುಣಿಕೆಗೆ ಬಂದು ಅವಳ ಕೈ ನಿಂತಿತು. ಕಂಬಳಿ ಸರಿಸಿದಳು. "ಅಕ್ಕಾ, ಇದು ಕೂತಿಲ್ಲ" ಅಂತ ಮೆಲ್ಲಗೆ ಅಂದಳು. ಕುಣಿಕೆ ಕೊಕ್ಕೆಯ ಒಳಗಿರಲಿಲ್ಲ, ತುದಿಗೆ ತಗಲಿಕೊಂಡು ನಿಂತಿತ್ತು. ಅಜ್ಜನ ಭಾರ ಬೀಳುವವರೆಗೆ ನಿಲ್ಲುತ್ತಿತ್ತು, ಆಮೇಲೆ ಇಲ್ಲ. ಸಿಕ್ಕಿಸಿದ್ದು ನಾನೇ. ಅದರ ಮೇಲೆ ಕಂಬಳಿ ಹೊದಿಸಿದ್ದೂ ನಾನೇ. ಅವಳು ಸರಿಮಾಡಿ ಗುಂಡಿ ಒತ್ತಿದಳು, ಅಜ್ಜ ಹೋಗಿ ತಣ್ಣಗಿನ ಎಲೆಕೋಸನ್ನೇ ಬೈದುಕೊಂಡು ಉಂಡರು. ನಾನು ಸಾರಿನ ಜಗ್ಗನ್ನು ಮರಿಸೆಲ್ ಕೈಗೆ ಕೊಟ್ಟು, ಹೋಗಿ ಯಂತ್ರದ ನಾಲ್ಕೂ ಕೊಕ್ಕೆಗಳನ್ನು ಮತ್ತೆ ಮುಟ್ಟಿ ನೋಡಿದೆ.

ಸೋಮವಾರವೇ ಕರೆ ಬಂತು. ನರ್ಸಿನ ಮಾತು ಮೀರಿದ್ದಕ್ಕೆ, ರೋಗಿಯನ್ನು ಕಾಯಿಸಿದ್ದಕ್ಕೆ, ಬುಧವಾರ ಬಂದು ಉತ್ತರ ಹೇಳಬೇಕು. ಪಿಂಚಣಿ ಇಷ್ಟು ಹತ್ತಿರ ಬಂದಾಗ ಕೆಲಸ ಹೋದರೆ ಅಂತ ನಾನು ಮನೆಯ ನೆಲವನ್ನೆಲ್ಲ ಮತ್ತೆ ಮತ್ತೆ ಒರೆಸಿದೆ. ಅಪ್ಪ "ಒಬ್ಬಳೇ ಹೋಗಬೇಡ, ಯೂನಿಯನ್ನಿನ ಆ ಹುಡುಗೀನ ಕರ್ಕೊಂಡು ಹೋಗೇ" ಅಂತ ತಾವೇ ಫೋನು ಹಚ್ಚಿಕೊಟ್ಟರು. ಮರಿಸೆಲ್ ಮಾತ್ರ ನನ್ನನ್ನು ಒಗೆದ ಬಟ್ಟೆ ಇಡುವ ಕೋಣೆಗೆ ಎಳೆದುಕೊಂಡು ಹೋಗಿ, "ಕುಣಿಕೆ ವಿಷಯ ಎತ್ತಬೇಡ ಅಕ್ಕಾ, ನಮ್ಮಿಬ್ಬರನ್ನ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಿಯಮ ಹೀಗಿದೆ ಅಂತ ಹೇಳು, ಸಾಕು" ಅಂದಳು. ನಾನೂ ಹಾಗೇ ಬಾಯಿಪಾಠ ಮಾಡಿಕೊಂಡೆ.

ಬುಧವಾರ ಹೋದರೆ ಅಲ್ಲಿ ಮ್ಯಾನೇಜರಮ್ಮ, ಗ್ವೆನ್, ಲೆಸ್ಟರ್ ಮೂವರೂ ಕೂತಿದ್ದರು. "ಇಷ್ಟು ವರ್ಷದ ಅನುಭವ ಇದ್ದೂ ಒಬ್ಬರೇ ಮಾಡೋಕಾಗಲಿಲ್ವಾ?" ಅಂತ ಮ್ಯಾನೇಜರಮ್ಮ ಕೇಳಿದರು. ಬಾಯಿಪಾಠ ಎಲ್ಲಿಗೆ ಹೋಯಿತೋ. "ಒಬ್ಬಳೇ ಮಾಡಿದ್ದರೆ ಅವರು ಬೀಳ್ತಿದ್ದರು ಅಮ್ಮಾ. ಒಂದು ಕುಣಿಕೆ ನಾನು ತಪ್ಪು ಸಿಕ್ಕಿಸಿದ್ದೆ" ಅಂದುಬಿಟ್ಟೆ. ಯೂನಿಯನ್ನಿನ ಹುಡುಗಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಆದರೆ ಶುರುಮಾಡಿದ ಮೇಲೆ ನನಗೆ ನಿಲ್ಲಿಸಲು ಬರುವುದಿಲ್ಲ, ಕಂಬಳಿಯ ಮಾತನ್ನೂ ಹೇಳಿದೆ. ಲೆಸ್ಟರ್ ಕೈಯಲ್ಲಿದ್ದ ಟೋಪಿಯನ್ನು ಮೊಣಕಾಲ ಮೇಲಿಟ್ಟು ಅದನ್ನೇ ನೋಡುತ್ತ ಕೂತರು. ಗ್ವೆನ್ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. "ಒತ್ತು ಅಂದವಳು ನಾನು. ಅವಳು ಒತ್ತಿದ್ದರೆ ನನ್ನ ಮಾತಿಗೇ ಒತ್ತುತ್ತಿದ್ದಳು. ಬರೆಯೋದಿದ್ದರೆ ಇಬ್ಬರ ಹೆಸರೂ ಬರೀರಿ." ಕೊನೆಗೆ ಯಾರ ಮೇಲೂ ಶಿಕ್ಷೆ ಆಗಲಿಲ್ಲ. ಇನ್ನು ಮೇಲೆ ಜನ ಕಡಿಮೆಯಾದ ದಿನ ನರ್ಸ್ ಗಾಡಿಗೆ ಬೀಗ ಹಾಕಿ ಎರಡನೆಯ ಕೈಯಾಗಬೇಕು, ಯಂತ್ರದಲ್ಲಿ ಏಳುವವರು ಬರುವ ತನಕ ಊಟ ಬಡಿಸಬಾರದು ಅಂತ ತೀರ್ಮಾನವಾಯಿತು. ಲೆಸ್ಟರ್ ಹೋಗುವಾಗ ನನ್ನ ಕೈ ಹಿಡಿದು "ತಣ್ಣಗಾದರೂ ಪರವಾಗಿಲ್ಲಮ್ಮ" ಅಂದರು. ಅಜ್ಜನಿಗೆ ವಿಷಯ ತಿಳಿಸಿದರೆ, "ಬಿದ್ದಿದ್ರೂ ಎಲೆಕೋಸಂತೂ ಬಿಸಿ ಇರ್ತಿತ್ತು" ಅಂತಾರೆ. ಇವತ್ತು ಗ್ವೆನ್ ನನಗೆ ಡಬ್ಬಿಹಾಲು ಹಾಕಿದ ಟೀ ತಂದುಕೊಟ್ಟಳು. ಇಬ್ಬರೂ ಕೂತುಕೊಂಡೇ ಕುಡಿದೆವು.

ಇದನ್ನೆಲ್ಲ ನಿನಗೆ ಯಾಕೆ ಬರೆದೆ ಅಂದರೆ, ನೀನು ಈ ಕೆಲಸಕ್ಕೆ ಹೊಸಬಳು, ಹೊಸಬರಿಗೆ ಇಲ್ಲ ಅನ್ನಲು ನಾಚಿಕೆ. ಕೈ ಪಳಗಿದ ಮೇಲೆ ಎರಡನೆಯವರು ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡ, ನನ್ನ ಕೈ ತಪ್ಪಿದ್ದು ಪಳಗಿದ್ದರಿಂದಲೇ. ಕೇಳಿದ ಹೆಚ್ಚಿನ ಪಾಳಿಗೆಲ್ಲ ಹೂಂ ಅನ್ನಬೇಡ, ಒಂದಕ್ಕೆ ಒಪ್ಪಿದರೆ ಇನ್ನೊಂದಕ್ಕೆ ನಿದ್ದೆ ಮಾಡು. ಯಾರಾದರೂ ಮೈಮೇಲೆ ರೇಗಿದರೆ ಅಲ್ಲೇ ಉತ್ತರ ಕೊಡಬೇಡ, ಅವರು ಉಂಡ ಮೇಲೆ ಹೇಳು. ಅಳು ಬಂದರೆ ಬಟ್ಟೆಯ ಕೋಣೆಯಲ್ಲಿ ಅಳು, ಅಲ್ಲಿ ಬೆಚ್ಚಗಿರುತ್ತದೆ. ಮತ್ತೆ ಆ ನರ್ಸಿಂಗ್ ಕಾಲೇಜಿನ ಅರ್ಜಿ ಹಾಕು. ನಾನು ಓದದೆ ಉಳಿದೆ ಅಂತ ನೀನು ಉಳಿಯಬೇಕಾಗಿಲ್ಲ.

ಅಪ್ಪ ನಿನ್ನ ಹೆಸರಲ್ಲಿ ದಿನಾ ಮೇಣದಬತ್ತಿ ಹಚ್ಚುತ್ತಾರೆ, ಕೇಳಿದರೆ ಕರೆಂಟು ಹೋಗಬಹುದು ಅಂತ ಅನ್ನುತ್ತಾರೆ. ಹೋದಲ್ಲೆಲ್ಲ ನಿನಗೆ ಒಳ್ಳೆಯವರ ಕೈ ಸಿಗಲಿ.

ನಿನ್ನ ಅಮ್ಮ,
ವರ್ನಾ

ತಾ.ಕ.: ಶುಕ್ರವಾರ ಬೆಳಿಗ್ಗೆ. ಪೊಟ್ಟಣ ಕಟ್ಟಿಯಾಗಿತ್ತು, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ಚಿಕ್ಕವಳಿದ್ದಾಗ ನಿನ್ನ ಲೇಸು ಕಟ್ಟಲು ಬಂದರೆ ನನ್ನ ಕೈ ತಳ್ಳಿ ನೀನೇ ಎರಡೆರಡು ಗಂಟು ಹಾಕಿಕೊಳ್ಳುತ್ತಿದ್ದೆ. ನಮ್ಮ ಕೆಲಸದಲ್ಲಿ ಇದ್ದಕ್ಕಿದ್ದ ಹಾಗೆ ಲೇಸಿಲ್ಲದ ಬೂಟು ಎಲ್ಲಿ ಸಿಗುತ್ತದೆ ಅಂತ ಕೇಳುವವರನ್ನು ನಾನು ಬಹಳ ನೋಡಿದ್ದೇನೆ. ಬಗ್ಗಲು ಆಗದವರೇ ಎಲ್ಲರೂ. ನೀನು ಅಲ್ಲಿ ಒಬ್ಬಳೇ ಎತ್ತುತ್ತಿದ್ದೀಯ ಜೊಲೀನ್, ಬೆನ್ನು ಹಿಡಿದಿದೆ, ಯಾರಿಗೂ ಹೇಳಿಲ್ಲ. ಅಪ್ಪನಿಗೆ ನಾನೂ ಹೇಳಿಲ್ಲ. ಬೈಯುವುದಿಲ್ಲ. ಬೂಟು ಹಾಕಿಕೋ, ಹಾಕಿಕೊಂಡು ಮೊದಲು ನಿನ್ನ ಮೇಲಿನ ನರ್ಸಿನ ಹತ್ತಿರ ನಡೆ, ನೋವು ಯಾವತ್ತು ಯಾರನ್ನು ಎತ್ತುವಾಗ ಬಂತು ಅಂತ ಬರೆಸು, ಅಲ್ಲಿಯ ತನಕ ಯಾರನ್ನೂ ಎತ್ತಬೇಡ. ಆಮೇಲೆ ನನಗೆ ಫೋನ್ ಮಾಡು. ಈ ಸಲ ಆ ಆಮೇಲೆ ಬರಲೇಬೇಕು.