ಕಣ್ಣಿನ ಪರೀಕ್ಷೆಯಲ್ಲಿ ಪಾಸಾದ ತಪ್ಪಿಗೆ

ಮಾನ್ಯ ಮಕ್ಕಳ ನೇತ್ರ ತಪಾಸಣಾಧಿಕಾರಿಗಳೇ,

ನನ್ನ ತಮ್ಮನ ಮಗಳು ನಿಮ್ಮ ಪರೀಕ್ಷೆಯಲ್ಲಿ ಪಾಸಾಗಿದ್ದಾಳೆ. ಆದ್ದರಿಂದಲೇ ಅವಳ ಎಡಗಣ್ಣು ಹೋಗುತ್ತಿದೆ. ಈ ಎರಡು ಮಾತಿಗೆ ಸಂಬಂಧ ಕಾಣದಿದ್ದರೆ ದಯವಿಟ್ಟು ಮುಂದೆ ಓದಿ.

ತಮ್ಮ ವ್ಯಾನು ನಮ್ಮೂರಿಗೆ ವರ್ಷಕ್ಕೊಮ್ಮೆ ದರ್ಶನ ಕೊಡುತ್ತದೆ. ಈ ಸಲ ಅದು ಬಂದ ದಿನ, ಹೊಲಿದ ಸಮವಸ್ತ್ರ ಕೊಡಲು ನಾನೂ ಶಾಲೆಗೆ ಹೋಗಿದ್ದೆ. ಜಗಲಿಯ ಗೋಡೆಗೆ ಅಕ್ಷರದ ಚಾರ್ಟು ನೇತುಹಾಕಿ, ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸಿದ್ದರು. ಎಲ್ಲರಿಗೂ ಅದೇ ಚಾರ್ಟು. ಒಬ್ಬರಾದ ಮೇಲೊಬ್ಬರು ಗಟ್ಟಿಯಾಗಿ ಓದಬೇಕು. ನಮ್ಮ ಹುಡುಗಿ ಸಾಲಿನ ಕೊನೆಯವಳು. ಅವಳು ಬಲಗಣ್ಣು ಮುಚ್ಚಿಕೊಳ್ಳುವ ಹೊತ್ತಿಗೆ ಗಾಳಿ ಬೀಸಿ ಚಾರ್ಟು ಮಗುಚಿಕೊಂಡಿತು. ಅದರ ಖಾಲಿ ಹಿಂಬದಿಯನ್ನು ಅವಳು ಒಂದಕ್ಷರವೂ ತಪ್ಪದೆ ಓದಿ ಮುಗಿಸಿದಳು! ನಿಮ್ಮ ಸಿಬ್ಬಂದಿ ಮೊಬೈಲಿನಿಂದ ತಲೆ ಎತ್ತದೆ, "ಭೇಷ್, ಹದ್ದಿನ ಕಣ್ಣು" ಎಂದರು.

ನಾನು ಬಾಯಿ ತೆರೆದೆ. "ಏನಮ್ಮಾ, ಪಾಸಾದ್ರೂ ತಕರಾರಾ?" ಎನ್ನುತ್ತಾ ವ್ಯಾನು ಹತ್ತಿದರು.

ಮನೆಯಲ್ಲಿ ಕೇಳಿದರೆ ಹುಡುಗಿಯ ಮುಖ ಬಾಡಿತು. "ಪರೀಕ್ಷೆ ಅಂದ್ರಲ್ಲ ಅತ್ತೆ. ಫೇಲಾದ್ರೆ ಕೆಳಗಿನ ಕ್ಲಾಸಿಗೆ ಹಾಕ್ತಾರೇನೋ ಅಂತ, ಎಲ್ರೂ ಹೇಳಿದ್ದನ್ನ ಬಾಯಿಪಾಠ ಮಾಡ್ಕೊಂಡೆ."

ಮಕ್ಕಳಿಗೆ ಪರೀಕ್ಷೆ ಎಂದರೆ ಒಂದೇ ಅರ್ಥ, ಮಾನ್ಯರೇ. ಅಷ್ಟೂ ತಿಳಿಯದವರು ಮಕ್ಕಳ ಕಣ್ಣು ನೋಡಲು ಹೊರಟಿದ್ದು ಯಾವ ಧೈರ್ಯದಿಂದ?

ಬಸ್ಸು ಬದಲಿಸಿ ಅವಳನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ದೆ. "ಒಳ್ಳೆ ಕಣ್ಣು ಮುಚ್ಚಿ, ಸೋತಿರೋ ಕಣ್ಣಿಗೆ ಕೆಲಸ ಕೊಡ್ಬೇಕು. ಈಗ್ಲೇ ಶುರು ಮಾಡಿ. ತಡ ಮಾಡಿದ್ರೆ ಆಮೇಲೆ ಕನ್ನಡಕ ಹಾಕಿದ್ರೂ ಕಷ್ಟ," ಎಂದರು ಡಾಕ್ಟರು. ಚಿಕಿತ್ಸೆ, ಕನ್ನಡಕ ಎಲ್ಲವೂ ಉಚಿತವಂತೆ, ಫೇಲಾದವರಿಗೆ ನೀವು ಕೊಡುವ ಚೀಟಿ ಇದ್ದರೆ. ನಿಮ್ಮ ಕಚೇರಿಯಲ್ಲಿ ಕೇಳಿದೆ. "ಪಾಸಾದೋರಿಗೆ ಚೀಟಿ ಕೊಡೋಕೆ ಬರಲ್ಲ. ಮುಂದಿನ ವರ್ಷ ನೋಡೋಣ." ನೋಡೋಣ ಎನ್ನಲು ನಿಮಗೇನು ಕಷ್ಟ? ನಿಮ್ಮ ಎರಡೂ ಕಣ್ಣು ಚೆನ್ನಾಗಿವೆ.

ಈ ತಿಂಗಳೇ ವ್ಯಾನು ಮತ್ತೆ ಬರಬೇಕು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ನೋಡಬೇಕು. ಅದಕ್ಕೆ ಪರೀಕ್ಷೆ ಎಂಬ ಹೆಸರು ಬೇಡ. ಅಲ್ಲಿಯವರೆಗೆ ಕಾಯಿಸದೆ ಅವಳಿಗೆ ಇವತ್ತೇ ಚೀಟಿ ಕೊಡಿ.

ಕ್ಲಾಸಿನಲ್ಲಿ ಅವಳು ಇದುವರೆಗೆ ಯಾವುದರಲ್ಲೂ ಫೇಲಾದವಳಲ್ಲ. ನಿನ್ನೆ ನನ್ನ ಹೊಲಿಗೆ ಯಂತ್ರದ ಪಕ್ಕ ಕೂತು ಕೇಳಿದಳು: "ಅವ್ರು ಮತ್ತೆ ಬಂದ್ರೆ, ಫೇಲಾಗೋದು ಹೇಗೆ ಅಂತ ಹೇಳ್ಕೊಡ್ತೀಯಾ ಅತ್ತೆ?"

ಇಂತಿ,
ತಮ್ಮ ಲೆಕ್ಕದಲ್ಲಿ ಹದ್ದಿನ ಕಣ್ಣಿರುವವಳ
ಸೋದರತ್ತೆ